ನಮ್ಮೂರ ಬ್ಯಾಂಡಿಗೆ ಟಿಕೆಟ್ ತೆಗೆದುಕೊಳ್ಳಿ

ಹೋದ ತಿಂಗಳು ಧಾರವಾಡದಲ್ಲಿ ಒಂದು ಸಂಜೆ ಗೆಳೆಯರು ಕರೆದು ಮಾತಾಡಿಸಿದರು. ಅಲ್ಲಿ ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ. ಕೊನೆಗೆ ಜನ ಕೇಳಿದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ. ನಾನು ಕೀಬೋರ್ಡ್ ನುಡಿಸುವವನು. 23 ವರ್ಷ ಆಯಿತು. ಹಗಲು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಅಂಗಡಿ, ಹಾರ್ಮೋನಿಯಂ, ಕೀಬೋರ್ಡ್, ಕ್ಲಾರಿನೆಟ್ ರಿಪೇರಿ. ರಾತ್ರಿ ಪ್ರೋಗ್ರಾಂ ಇದ್ದರೆ ಕ್ರೂಸರ್ ಗಾಡಿ ಹತ್ತುತ್ತೇನೆ. ಬ್ಯಾನರಿನಲ್ಲಿ ನಮ್ಮನ್ನು ರಸಮಂಜರಿ ಅಂತ ಬರೆಸುತ್ತಾರೆ, ಹಳ್ಳಿಯಲ್ಲಿ ಆರ್ಕೆಸ್ಟ್ರಾ ಅನ್ನುತ್ತಾರೆ, ಈಗಿನ ಹುಡುಗರು ಬ್ಯಾಂಡ್ ಅನ್ನುತ್ತಾರೆ. ಕೆಲಸ ಒಂದೇ. ಮದುವೆ ಆರತಕ್ಷತೆ, ಜಾತ್ರೆ, ಗಣಪತಿ ಪೆಂಡಾಲ, ರಾಜ್ಯೋತ್ಸವ, ಶಾಲೆಯ ಗ್ಯಾದರಿಂಗ್, ಎಲ್ಲಿ ಕರೆದರೆ ಅಲ್ಲಿಗೆ ಹೋಗಿ ನುಡಿಸಿ ಬರುವುದು.

ಧಾರವಾಡ ಸಂಗೀತದ ಊರು ಅಂತ ಎಲ್ಲರೂ ಹೇಳುತ್ತಾರೆ. ಹೇಳಲೇಬೇಕು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಕುಂದಗೋಳದ ಸವಾಯಿ ಗಂಧರ್ವ, ಗದಗಿನ ಭೀಮಸೇನ ಜೋಶಿ. ಈ ಹೆಸರು ಕೇಳಿದರೆ ನನಗೂ ಎದೆ ತುಂಬುತ್ತದೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಬೆಳಗಿನ ತನಕ ಕೂತು ಕೇಳಿದವನು ನಾನು. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಇದೇ ಊರುಗಳಲ್ಲಿ ಸಂಗೀತದಿಂದಲೇ ಮನೆ ನಡೆಸುವ, ಯಾರ ಗೋಡೆಯ ಮೇಲೂ ಫೋಟೋ ಇಲ್ಲದ ಜನರ ಬಗ್ಗೆ. ಢೋಲಕ್‌ನವನು, ಕರೆಂಟಿನ ಡ್ರಮ್ ಪ್ಯಾಡ್ ನುಡಿಸುವವನು, ಮದುವೆ ಮೆರವಣಿಗೆಯಲ್ಲಿ ಕ್ಲಾರಿನೆಟ್ ಊದುವ ಅಜ್ಜ, ಶ್ರಾವಣದಲ್ಲಿ ಮಠದ ಪುರಾಣಕ್ಕೆ ತಿಂಗಳಿಡೀ ತಬಲಾ ಸಾಥ್ ಕೊಡುವ ಮಾಸ್ತರು.

ಒಂದು ರಾತ್ರಿಯ ಕಥೆಯಿಂದ ಶುರು ಮಾಡುತ್ತೇನೆ. ಎರಡು ವರ್ಷದ ಹಿಂದೆ ಹಾವೇರಿ ಜಿಲ್ಲೆಯ ಒಂದು ಊರಿನ ಜಾತ್ರೆಗೆ ಹೋಗಿದ್ದೆವು. ನಾವು ಎಂಟು ಜನ. ಮಾತಾಗಿದ್ದು ಮೂರು ತಾಸಿನ ಪ್ರೋಗ್ರಾಂಗೆ 30,000 ರೂಪಾಯಿ. ಸಂಚಕಾರ, ಅಂದರೆ ಮುಂಗಡ, ಅಂತ 5,000 ಕೊಟ್ಟಿದ್ದರು. ಕಾರ್ಡಿನಲ್ಲಿ "ಸಂಜೆ 6:30ಕ್ಕೆ ಸರಿಯಾಗಿ" ಅಂತ ಅಚ್ಚಾಗಿತ್ತು. ಮೂರು ಗಂಟೆಗೇ ಮುಟ್ಟಿದೆವು. ಸೌಂಡಿನವರು ವೈರ್ ಎಳೆದು ಮುಗಿಸುವ ಹೊತ್ತಿಗೆ ಸ್ಟೇಜ್ ಮೇಲೆ ಅತಿಥಿಗಳ ಕುರ್ಚಿ ಬಂದವು, ನಮ್ಮ ಸ್ಟ್ಯಾಂಡುಗಳನ್ನು ಹಿಂದಕ್ಕೆ ಸರಿಸಿ ಅಂದರು, ಸರಿಸಿದೆವು. ಸೌಂಡ್ ಚೆಕ್ ಆಗಲಿಲ್ಲ. ಏಳೂವರೆಗೆ ಪ್ರಾರ್ಥನೆ. ಆಮೇಲೆ ಸ್ವಾಗತ, ದೀಪ, ಪ್ರಾಸ್ತಾವಿಕ, ಸನ್ಮಾನ, ಭಾಷಣ, ಮತ್ತೆ ಸನ್ಮಾನ. ನಾವು ಸ್ಟೇಜ್ ಹಿಂದೆ ಟಾರ್ಪಾಲಿನ ಮೇಲೆ ಕೂತಿದ್ದೆವು. ಮುಂದೆ ಮೈದಾನ ತುಂಬ ಜನ, ಮಕ್ಕಳು ಅಲ್ಲೇ ಮಲಗಿದ್ದವು. ನಮ್ಮ ಕೈಗೆ ಮೈಕ್ ಬಂದಾಗ 9:15.

ಹತ್ತಕ್ಕೆ ಪೊಲೀಸರು ಬಂದರು. ಅದರಲ್ಲಿ ಅವರ ತಪ್ಪು ಏನೂ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಬಾರದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಗಟ್ಟಿಯಾಗಿ ಹೇಳಿತು. ಹಬ್ಬ, ಉತ್ಸವ ಅಂತ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಆದರೆ ವರ್ಷಕ್ಕೆ 15 ದಿನ ಮಾತ್ರ. ಈ ನಿಯಮ ಬೇಕು ಅನ್ನುವವನೇ ನಾನು. ಮನೆಯಲ್ಲಿ ಹುಷಾರಿಲ್ಲದವರು ಇರುತ್ತಾರೆ, ಪರೀಕ್ಷೆಗೆ ಓದುವ ಮಕ್ಕಳು ಇರುತ್ತಾರೆ. ನಿಯಮದಿಂದ ನಮಗೆ ತೊಂದರೆ ಆಗಿಲ್ಲ. ಆರೂವರೆ ಅಂದದ್ದು ಒಂಬತ್ತೂಕಾಲು ಆಗುವುದರಿಂದ ಆಗಿದೆ.

ಮುಕ್ಕಾಲು ತಾಸು ನುಡಿಸಿ ಇಳಿದೆವು. ಲೆಕ್ಕ ಚುಕ್ತಾ ಮಾಡಲು ಹೋದರೆ ಕಮಿಟಿಯವರೊಬ್ಬರು, "ಬರೇ ಮುಕ್ಕಾಲ ತಾಸ ನುಡಿಸೀರಿ, ಪೂರ್ತಿ ರೊಕ್ಕ ಹೆಂಗ ಕೊಡೂದ್ರಿ?" ಅಂದರು. ಕೊನೆಗೆ 8,000 ಮುರಿದುಕೊಂಡು ಕೊಟ್ಟರು. ಈಗ ಈ ಲೆಕ್ಕ ಕೇಳಿ. 30,000 ಸಿಕ್ಕರೆ ಅದರಲ್ಲಿ ಸೌಂಡಿಗೆ 9,000, ಗಾಡಿಗೆ 4,000, ಚಹಾ, ನಾಷ್ಟಾ, ಸಾಮಾನು ಹೊರುವವರಿಗೆ 1,000. ಉಳಿದದ್ದು 16,000, ಎಂಟು ಜನಕ್ಕೆ ತಲಾ 2,000. ಎಂಟು ಸಾವಿರ ಮುರಿದಾಗ ಸೌಂಡಿನವರಿಗೆ, ಗಾಡಿಯವರಿಗೆ ಕಡಿಮೆ ಕೊಡಲು ಆಗುತ್ತದೆಯೇ? ಡೀಸೆಲ್ ಅಷ್ಟೇ ಸುಟ್ಟಿರುತ್ತದೆ. ಹಾಗಾಗಿ ಪೂರ್ತಿ ಪೆಟ್ಟು ನಮ್ಮ ಪಗಾರಕ್ಕೇ. ತಲಾ 1,000. ಕಮಿಟಿಯ ಲೆಕ್ಕದಲ್ಲಿ ಕಾಲು ಭಾಗ ಚಿಲ್ಲರೆ ಕಡಿತ, ನಮ್ಮ ಲೆಕ್ಕದಲ್ಲಿ ಅರ್ಧಕ್ಕರ್ಧ. ನಮ್ಮ ಹಾಡುಗಾರ್ತಿಗೆ ಶಾಲು ಹೊದಿಸಿದ್ದರು, ಹಾರ ಹಾಕಿದ್ದರು. ಆಕೆ ಮರಳಿ ಬರುವಾಗ ಆ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿ ಬರುವ ತನಕ ಒಂದು ಮಾತು ಆಡಲಿಲ್ಲ.

ಆ ರಾತ್ರಿಯಿಂದ ನಾನು ಒಂದೇ ವಿಷಯ ಯೋಚಿಸುತ್ತಿದ್ದೇನೆ. ಮೈದಾನದಲ್ಲಿದ್ದ ಅಷ್ಟು ಜನ ನಮಗಾಗಿಯೇ ಬಂದಿದ್ದರು. "ಹಾಡು ಹಚ್ಚರೀ" ಅಂತ ಕೂಗುತ್ತಲೂ ಇದ್ದರು. ಅವರ ಮಾತು ಯಾಕೆ ನಡೆಯಲಿಲ್ಲ? ಯಾಕೆಂದರೆ ರೊಕ್ಕ ಕೊಟ್ಟವರು ಅವರಲ್ಲ. ಚಂದಾ ಪಟ್ಟಿ ಎತ್ತಿದ್ದು ಕಮಿಟಿ, ಕೊಟ್ಟಿದ್ದು ಕಮಿಟಿ, ಹಾಗಾಗಿ ಹೊತ್ತು ಕೂಡ ಕಮಿಟಿಯದೇ. ಕೇಳುವವರು ಪುಕ್ಕಟೆ ಕೂತವರು. ಪುಕ್ಕಟೆ ಕೂತವರನ್ನು ಎಷ್ಟು ಹೊತ್ತು ಬೇಕಾದರೂ ಕಾಯಿಸಬಹುದು ಅಂತ ಎಲ್ಲರಿಗೂ ಗೊತ್ತು. ನಾವು ಆಗ ಒಂದೂ ಟಿಕೆಟ್ ಮಾರದ ಬ್ಯಾಂಡ್. ನಮ್ಮ ಕಷ್ಟದ ಬೇರು ಅಲ್ಲೇ ಇದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಜನ ಟಿಕೆಟ್ ತೆಗೆಯುವುದಿಲ್ಲ ಅನ್ನುತ್ತಾರೆ. ಇದು ಸುಳ್ಳು. ಕಂಪನಿ ನಾಟಕ ನಡೆದಿದ್ದೇ ಟಿಕೆಟ್ ಮೇಲೆ. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ, ಇವೆಲ್ಲ ದಿನದ ಕಲೆಕ್ಷನ್ ನೋಡಿ ಬದುಕಿದವು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ, ಇವತ್ತಿಗೂ ಕಂಪನಿಗಳು ಟೆಂಟು ಹಾಕುತ್ತವೆ, ರೈತರು, ಕೂಲಿಯವರು, ಕಾಲೇಜು ಹುಡುಗರು ಸಾಲಿನಲ್ಲಿ ನಿಂತು ಟಿಕೆಟ್ ತೆಗೆಯುತ್ತಾರೆ. ಆ ಕಂಪನಿಗಳಲ್ಲಿ ಸ್ಟೇಜಿನ ಮುಂದೆ ಕೂತು ಕಾಲ್ಪೆಟ್ಟಿಗೆ (ಕಾಲಲ್ಲಿ ಗಾಳಿ ಒತ್ತುವ ಹಾರ್ಮೋನಿಯಂ), ತಬಲಾ, ಕ್ಲಾರಿನೆಟ್ ನುಡಿಸುವವರಿಗೆ ತಿಂಗಳ ಪಗಾರ ಇರುತ್ತಿತ್ತು, ಊಟ ಇರುತ್ತಿತ್ತು. ಮೂರನೇ ಬೆಲ್ ಹೊಡೆದರೆ ಪರದೆ ಏಳಲೇಬೇಕು. ಯಾರು ಬರಲಿ ಬಿಡಲಿ. ಟಿಕೆಟ್ ತೆಗೆದವರು ಕೂಗುತ್ತಾರೆ ಅನ್ನುವ ಭಯ ಇತ್ತು, ಆ ಭಯ ಒಳ್ಳೆಯದು. "ವನ್ಸ್ ಮೋರ್" ಅನ್ನುವ ಹಕ್ಕು ಕೂಡ ಟಿಕೆಟ್ ತೆಗೆದವರದು. ಹಾಡು ಮೆಚ್ಚಿದರೆ ಎದ್ದು ಬಂದು ಆಯೇರಿ, ಅಂದರೆ ಕಾಣಿಕೆ, ಕೊಡುವವರೂ ಇದ್ದರು.

ಮನಸೂರರು ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು, ಗೊತ್ತಲ್ವಾ? ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆ ಇನ್ನೂ ದೊಡ್ಡದು. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಅನ್ನ ಕೊಟ್ಟು ಸಂಗೀತ ಕಲಿಸಿದರು. ಅಷ್ಟು ಮಕ್ಕಳ ಹೊಟ್ಟೆ ತುಂಬುವುದು ಹೇಗೆ? ಆಶ್ರಮಕ್ಕೆ ಆಸರೆ ಆಗಲಿ ಅಂತ ನಾಟಕ ಕಂಪನಿ ನಡೆಸಿದರು, ಪುಟ್ಟರಾಜರು ತಾವೇ ನಾಟಕ ಬರೆದರು. ಸಂತೆಗೆ ಬಂದ ಜನ ಕೊಟ್ಟ ಟಿಕೆಟ್ ರೊಕ್ಕವೂ ಆ ಮಕ್ಕಳ ರೊಟ್ಟಿಯಾಯಿತು. ನಮ್ಮ ತಬಲಾ ಮಾಸ್ತರು ಆಶ್ರಮದಲ್ಲಿ ಕಲಿತವರು. ಅವರು ಈ ಮಾತು ಹೇಳುವಾಗಲೆಲ್ಲ ಕೈ ಜೋಡಿಸುತ್ತಾರೆ.

ಆಕಾಶವಾಣಿಯನ್ನೂ ನೆನೆಯಬೇಕು. ಧಾರವಾಡ ಕೇಂದ್ರ ಶುರುವಾಗಿದ್ದು 1950ರ ಜನವರಿ 8ರಂದು. ಅಲ್ಲಿ ನಿಲಯದ ಕಲಾವಿದರಿಗೆ ಪಗಾರ ಇತ್ತು, ಹೊರಗಿನಿಂದ ಬರುವವರಿಗೆ ಆಡಿಷನ್, ಗ್ರೇಡು, ಗ್ರೇಡಿನ ಪ್ರಕಾರ ಸಂಭಾವನೆ. ಗಡಿಯಾರ ನೋಡಿ ಹಾಡು ಶುರು, ಗಡಿಯಾರ ನೋಡಿ ಮುಗಿತಾಯ. ನುಡಿಸುವವರ ಹೊತ್ತಿಗೆ ಬೆಲೆ ಕೊಡುವುದು ನಮ್ಮ ಭಾಗಕ್ಕೆ ಹೊಸದೇನಲ್ಲ.

ಇನ್ನು ಬ್ಯಾಂಡ್ ಕಂಪನಿಯವರ ಮಾತು. ಕೆಂಪು ಕೋಟು, ಟ್ರಂಪೆಟ್, ಯುಫೋನಿಯಂ, ಸೈಡ್ ಡ್ರಮ್. ಮೊದಲು ಮದುವೆ ಅಂದರೆ ಇವರೇ. ಅದಕ್ಕೂ ಮೊದಲು ಸನಾದಿ, ಸಂಬಾಳ ವಾದ್ಯಗಳು. ನುಡಿಸುವ ಮನೆತನಗಳಿಗೆ ಭಜಂತ್ರಿ ಅಂತಲೇ ಹೆಸರು ಬಂತು. ಭೀಮಸೇನ ಜೋಶಿಯವರು 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದವರು. ಸಣ್ಣ ಹುಡುಗ ಇದ್ದಾಗ ಬೀದಿಯಲ್ಲಿ ಭಜನೆ ಮೇಳ ಹೊರಟರೆ, ಬ್ಯಾಂಡ್ ಹೊರಟರೆ ಹಿಂದೆಯೇ ಹೋಗಿಬಿಡುತ್ತಿದ್ದರಂತೆ. ನಡೆದು ನಡೆದು ಸುಸ್ತಾಗಿ ಎಲ್ಲೋ ಮಲಗಿಬಿಡುತ್ತಿದ್ದರು. ಹುಡುಕಿ ಹುಡುಕಿ ಸಾಕಾಗಿ ತಂದೆ ಅವರ ಅಂಗಿಯ ಮೇಲೆ "ಜೋಶಿ ಮಾಸ್ತರರ ಮಗ" ಅಂತ ಬರೆದರು, ಸಿಕ್ಕವರು ಮನೆಗೆ ಮುಟ್ಟಿಸಲಿ ಅಂತ. 2008ರಲ್ಲಿ ಭಾರತ ರತ್ನ ಘೋಷಣೆಯಾದ ಗಾಯಕ ಅವರು. ಆ ಮಗುವಿನ ಕಿವಿಗೆ ಮೊದಮೊದಲು ಬಿದ್ದದ್ದರಲ್ಲಿ ಗದಗಿನ ಬೀದಿಯ ಬ್ಯಾಂಡೂ ಇತ್ತು. ಅವತ್ತು ಊದಿದವರ ಹೆಸರು ಯಾರಿಗೂ ನೆನಪಿಲ್ಲ. ನನಗೆ ಈ ಕಥೆ ನೆನಪಾದಾಗಲೆಲ್ಲ ಆ ಊದಿದವರ ಮುಖ ಹೇಗಿತ್ತೋ ಅನಿಸುತ್ತದೆ.

ಈಗ ಮೆರವಣಿಗೆ ಮುಂದೆ ಡಿಜೆ ಗಾಡಿ. ನಾನು ಡಿಜೆ ಹುಡುಗರನ್ನು ಬೈಯಲು ಬಂದಿಲ್ಲ. ಅವರೂ ಸಾಲ ಮಾಡಿ ಸ್ಪೀಕರ್ ತಂದವರು. ಹೋಳಿಯಲ್ಲಿ ಹುಬ್ಬಳ್ಳಿಯ ಓಣಿಗಳಲ್ಲಿ ಇನ್ನೂ ಹಲಿಗೆ ಬಡಿಯುತ್ತಾರೆ, ಬ್ಯಾಹಟ್ಟಿ ಊರಿನವರ ದೊಡ್ಡ ಚರ್ಮವಾದ್ಯ ಜಗ್ಗಲಿಗೆ ಹೊರಟರೆ ಎದೆಯೊಳಗೇ ಸದ್ದು ಕೇಳುತ್ತದೆ. ಅದು ಉಳಿದುಕೊಂಡಿದೆ, ಯಾಕೆಂದರೆ ಅದಕ್ಕೆ ಯಾರ ಸ್ಟೇಜೂ ಬೇಕಿಲ್ಲ. ಸ್ಟೇಜ್ ಬೇಕಾದ ನಮಗೇ ಕಷ್ಟ.

ನಮ್ಮ ಜಾಗಕ್ಕೆ ಬಂದಿರುವುದು ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಗಳ ಸಂಗೀತ. ಒಬ್ಬ ಹಾಡುಗಾರ, ಒಂದು ಮೊಬೈಲು, ಒಂದು ಜೊತೆ ಸ್ಪೀಕರ್. ಎಂಟು ಜನರ ಊಟ ಇಲ್ಲ, ಗಾಡಿ ಇಲ್ಲ. ಕರೆಸುವವರಿಗೆ ಸೋವಿ. ಇದು ಜೋರಾಗಿದ್ದು ಕೊರೊನಾ ಆದಮೇಲೆ. 2020ರ ಮಾರ್ಚಿನಲ್ಲಿ ಎಲ್ಲ ಬಂದ್ ಆಯಿತು, ಆ ವರ್ಷದ ಲಗ್ನಗಳು, ಜಾತ್ರೆಗಳು ಹೋದವು, 2021ರಲ್ಲಿ ಮತ್ತೆ ಅದೇ ತಿಂಗಳುಗಳು ಹೋದವು. ಆ ಮೇ ತಿಂಗಳಲ್ಲಿ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತ್ತು. ನನ್ನ ಅಂಗಡಿಗೆ ರಿಪೇರಿಗೆ ಬರಬೇಕಾದ ಕೀಬೋರ್ಡುಗಳು ಮಾರಾಟಕ್ಕೆ ಬಂದವು. ನಾಲ್ಕು ತಿಂಗಳಲ್ಲಿ ಒಂಬತ್ತು. ಒಬ್ಬ ಹುಡುಗ ತನ್ನ ರೋಲ್ಯಾಂಡ್ ಕೀಬೋರ್ಡನ್ನು ಕವರ್ ಸಮೇತ ತಂದಿಟ್ಟ. ಒಳಗೆ ಹಾಡಿನ ಪಟ್ಟಿ ಇತ್ತು, ಪ್ರತಿ ಹಾಡಿನ ಮುಂದೆ ಕಪ್ಪು ಒಂದು, ಬಿಳಿ ನಾಲ್ಕು ಅಂತ ಸ್ಕೇಲು, ಅಂದರೆ ಕೀಬೋರ್ಡಿನ ಯಾವ ಮನೆಯಿಂದ ಸಾ ಹಿಡಿಯಬೇಕು ಅನ್ನುವುದು, ಬರೆದದ್ದು. "ಇದನ್ನ ಇಟಗೋ ತಮ್ಮಾ, ಮತ್ತ ಬೇಕಾಗತೈತಿ" ಅಂದೆ. ಒಯ್ಯಲಿಲ್ಲ. ಆ ಹಾಳೆ ಇನ್ನೂ ನನ್ನ ಡ್ರಾವರಿನಲ್ಲಿದೆ.

ಟ್ರ್ಯಾಕಿನಲ್ಲಿ ಏನು ತಪ್ಪು ಅಂತ ಕೇಳುತ್ತೀರಿ. ಒಬ್ಬ ನುಡಿಸುವವನು ತಯಾರಾಗುವುದು ಹೇಗೆ ಅಂತ ಹೇಳುತ್ತೇನೆ, ಆಗ ನಿಮಗೇ ತಿಳಿಯುತ್ತದೆ. ನಮ್ಮ ತಂಡಕ್ಕೆ ಬಂದ ಹುಡುಗ ಮೊದಲು ಸೈಡ್ ರಿದಂ ಹಿಡಿಯುತ್ತಾನೆ. ಖಂಜರಿ, ಶೇಕರ್, ಅಷ್ಟೇ. ಎರಡು ವರ್ಷ ಢೋಲಕ್‌ನವನ ಪಕ್ಕ ಕೂತು ಅವನ ಬಲಗೈ ನೋಡುತ್ತಾನೆ. ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಎಳೆಯುತ್ತಾರೆ, ಎಲ್ಲಿ ತಪ್ಪುತ್ತಾರೆ ಅಂತ ಕಲಿಯುತ್ತಾನೆ. ಒಂದು ದಿನ ಢೋಲಕ್‌ನವನಿಗೆ ಜ್ವರ ಬರುತ್ತದೆ, ಅವತ್ತು ಹುಡುಗನ ಕೈಗೆ ಢೋಲಕ್ ಬರುತ್ತದೆ. ನಮ್ಮಲ್ಲಿ ಅನೇಕರಿಗೆ ಇದೇ ಶಾಲೆ, ಬೇರೆ ಶಾಲೆ ಇಲ್ಲ. ಮೊಬೈಲಿನ ಟ್ರ್ಯಾಕಿನಲ್ಲಿ ಸೈಡ್ ರಿದಂ ಹಿಡಿಯಲು ಜಾಗವೇ ಇಲ್ಲ.

ಇನ್ನೊಂದು ನೋಡಿದ್ದು ಹೇಳುತ್ತೇನೆ. ಗದಗ ಜಿಲ್ಲೆಯ ಒಂದು ಹಳ್ಳಿ, ಬಸವ ಜಯಂತಿ. ನಮ್ಮ ಹಾಡುಗಾರ್ತಿ ಶಿಶುನಾಳ ಶರೀಫರ ಪದ ಹಾಡುತ್ತಿದ್ದಾಳೆ, ನಡುವೆ ಕರೆಂಟ್ ಹೋಯಿತು. ಮೈಕ್ ಸತ್ತಿತು, ಕೀಬೋರ್ಡ್ ಸತ್ತಿತು, ಪ್ಯಾಡ್ ಸತ್ತಿತು. ಒಂದು ಕ್ಷಣ ಗಪ್ಪ. ಢೋಲಕ್‌ನವನು ಕೈ ಬಿಡಲಿಲ್ಲ. ತಾಳ ಹಾಗೇ ಹೊರಟಿತು. ಹಾಡುಗಾರ್ತಿ ಸ್ಟೇಜಿನ ಅಂಚಿಗೆ ಬಂದು ಬರೀ ದನಿಯಲ್ಲಿ ಮುಂದುವರಿಸಿದಳು. ಹಿಂದೆ ಇದ್ದವರು ಮುಂದೆ ಬಂದರು, ಮೊಬೈಲ್ ಬೆಳಕು ಹಚ್ಚಿದರು, ಪಲ್ಲವಿಗೆ ಹೆಣ್ಣುಮಕ್ಕಳು ದನಿಗೂಡಿಸಿದರು. ಅವರಿಗೆಲ್ಲ ಆ ಪದ ಬಾಯಿಪಾಠ ಇತ್ತು. ಎರಡು ಮೂರು ನಿಮಿಷಕ್ಕೆ ಜನರೇಟರ್ ಶುರುವಾಯಿತು. ಕೀಬೋರ್ಡ್ ಎದ್ದು ಕೂಡಲು ಇನ್ನೊಂದಿಷ್ಟು ಹೊತ್ತು. ನಾನು ಸ್ವರ ಮುಟ್ಟಿ ನೋಡಿದರೆ ಆಕೆ ಕಪ್ಪು ನಾಲ್ಕರಲ್ಲಿ ಇಲ್ಲ. ಜನರ ದನಿ ಕೂಡಿ ಕೂಡಿ ಹಾಡು ಪಕ್ಕದ ಮನೆ ಬಿಳಿ ಆರಕ್ಕೆ ಏರಿತ್ತು. ಟ್ರಾನ್ಸ್‌ಪೋಸ್ ಬಟನ್ ಒಂದು ಸಲ ಒತ್ತಿ ಶ್ರುತಿ ಏರಿಸಿ ಅವರಿದ್ದಲ್ಲಿಗೆ ನಾನು ಹೋದೆ. ಆ ಅರ್ಧ ಸ್ವರ ಏರಿದ್ದು ಇಡೀ ಊರು ಸೇರಿ ಏರಿಸಿದ್ದು. ಅಂಥ ರಾತ್ರಿ ವರ್ಷಕ್ಕೆ ಒಂದು ಬಂದರೂ ಸಾಕು, ಈ ಕೆಲಸ ಬಿಡಲು ಮನಸ್ಸು ಬರುವುದಿಲ್ಲ.

ಹಾಗಾಗಿ ಹೋದ ವರ್ಷ ನಾವೇ ಒಂದು ಕೈ ನೋಡೋಣ ಅಂತ ಹೊರಟೆವು. ಹುಬ್ಬಳ್ಳಿಯಲ್ಲಿ 150 ಕುರ್ಚಿಯ ಒಂದು ಹಾಲ್ ಹಿಡಿದೆವು. ಭಾನುವಾರ ಸಂಜೆ ಆರೂವರೆಗೆ ಶುರು, ಎಂಟೂವರೆಗೆ ಮುಗಿತಾಯ. ಟಿಕೆಟ್ 100 ರೂಪಾಯಿ. ಅತಿಥಿ ಇಲ್ಲ, ಸನ್ಮಾನ ಇಲ್ಲ. ಮಧ್ಯಾಹ್ನ ಮೂರಕ್ಕೇ ಹಾಲ್ ನಮ್ಮ ಕೈಯಲ್ಲಿ, ಅಂದರೆ ಸೌಂಡ್ ಚೆಕ್‌ಗೆ ಮೂರು ತಾಸು! ನಿಮಗೆ ಇದು ಸಣ್ಣ ವಿಷಯ ಅನಿಸಬಹುದು. ಸೌಂಡ್ ಚೆಕ್ ಇಲ್ಲದಿದ್ದರೆ ಏನಾಗುತ್ತದೆ ಅಂದರೆ, ಹಾಡುವವರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಸ್ಟೇಜ್ ಮೇಲೆ ನಮ್ಮ ಕಡೆ ಮುಖ ಮಾಡಿದ ಸ್ಪೀಕರ್ ಇರುತ್ತದಲ್ಲ, ಮಾನಿಟರ್, ಅದು ಸರಿ ಇಲ್ಲದಿದ್ದರೆ ಎಲ್ಲರೂ ಒಬ್ಬರ ಮೇಲೊಬ್ಬರು ಜೋರು ಮಾಡುತ್ತಾ ಹೋಗುತ್ತಾರೆ, ಮೈಕ್ ಸೀಟಿ ಹೊಡೆಯುತ್ತದೆ, ಕೇಳುವವರಿಗೆ ಬರೀ ಗದ್ದಲ. ನಮ್ಮೂರ ಬ್ಯಾಂಡಿನವರಿಗೆ ನುಡಿಸಲು ಬರುವುದಿಲ್ಲ ಅನ್ನುವವರು ಬಹಳ ಸಲ ಕೇಳಿರುವುದು ಸೌಂಡ್ ಚೆಕ್ ಆಗದ ಬ್ಯಾಂಡನ್ನು. ಅದು ನಿಮ್ಮ ಕಿವಿಗೂ ಮೋಸ, ನಮಗೂ ಮೋಸ.

ಹಾಡುಗಳ ಪ್ರಶ್ನೆ ಬಂತು. ಇದನ್ನು ಬ್ಯಾಂಡ್ ನಡೆಸುವ ಹುಡುಗರು ಸರಿಯಾಗಿ ಕೇಳಿಸಿಕೊಳ್ಳಬೇಕು. ಮದುವೆ ಮೆರವಣಿಗೆ, ಮದುವೆಗೆ ಸೇರಿದ ಸಮಾರಂಭ, ಧಾರ್ಮಿಕ ಕಾರ್ಯಕ್ರಮ, ಸರ್ಕಾರದ ಅಧಿಕೃತ ಸಮಾರಂಭ, ಇಲ್ಲೆಲ್ಲ ಸಿನಿಮಾ ಹಾಡು ನುಡಿಸಲು ಕಾಪಿರೈಟ್ ಕಾಯ್ದೆಯ 52ನೇ ಕಲಂನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಆ ವಿನಾಯಿತಿ ಇಲ್ಲ, ಲೈಸೆನ್ಸ್ ತೆಗೆದುಕೊಳ್ಳಬೇಕು. ನಮ್ಮ ಹತ್ತಿರ ಅಷ್ಟು ರೊಕ್ಕ ಇರಲಿಲ್ಲ. ಆಗ ಯೋಚಿಸಿದೆವು. ಬರೆದವರು ತೀರಿ 60 ವರ್ಷ ದಾಟಿದರೆ ಆ ಸಾಹಿತ್ಯ ಎಲ್ಲರದು. ಶಿಶುನಾಳ ಶರೀಫರು ತೀರಿದ್ದು 1889ರಲ್ಲಿ. ವಚನಗಳಿವೆ, ದಾಸರ ಪದಗಳಿವೆ, ಲಾವಣಿ, ಗೀಗೀ, ಬೀಸುವ ಪದ ಇವೆ. ಆದರೆ ಮಾತು ಎಲ್ಲರದು ಅಂದರೆ ಧಾಟಿಯೂ ಎಲ್ಲರದು ಅಂತಲ್ಲ. ಈಗ ನಾವೆಲ್ಲ ಕೇಳುವ ಶರೀಫರ ಪದಗಳ ಎಷ್ಟೋ ಧಾಟಿ ಸಿ. ಅಶ್ವತ್ಥರು ಕೂರಿಸಿದ್ದು, ಅವರು ತೀರಿದ್ದು 2009ರಲ್ಲಿ. ಬೇಂದ್ರೆಯವರ ಕವಿತೆ ಹಾಡಬೇಕೆಂದರೆ, ಅವರು ತೀರಿದ್ದು 1981ರಲ್ಲಿ, ಅಂದರೆ 2041ರ ಕೊನೆಯ ತನಕ ಹಕ್ಕುದಾರರನ್ನು ಕೇಳಬೇಕು. ಕೇಳುವುದೇ ಸರಿ.

ಹಾಗಾಗಿ ಧಾಟಿ ನಾವೇ ಕೂರಿಸಬೇಕಾಯಿತು. ಇಪ್ಪತ್ತು ವರ್ಷ ಬೇರೆಯವರು ಮಾಡಿದ್ದನ್ನು ನುಡಿಸಿದ ಕೈಗಳು ನಮ್ಮವು. ಮೊದಲ ವಾರ ಏನು ಮಾಡಿದರೂ ಯಾವುದೋ ಸಿನಿಮಾ ಹಾಡಿನ ಹತ್ತಿರವೇ ಹೋಗುತ್ತಿತ್ತು. ಕೊನೆಗೆ ತಬಲಾ ಮಾಸ್ತರು ಕೀಬೋರ್ಡ್ ಬಂದ್ ಮಾಡಿಸಿದರು. ನಮ್ಮ ಹಾಡುಗಾರ್ತಿಯ ತಾಯಿಯನ್ನು ಕರೆಸಿ ಬೀಸುವ ಪದ ಹಾಡಿಸಿದರು. ಆ ಅವ್ವ ಹಾಡುತ್ತಾ ನೆಲದ ಮೇಲೆ ಕೈ ಸುತ್ತು ತಿರುಗಿಸುತ್ತಿದ್ದರು, ಬೀಸುವ ಕಲ್ಲು ಇದ್ದ ಹಾಗೆ. ಆ ಸುತ್ತಿನ ಲಯದ ಮೇಲೆ ನಮ್ಮ ಮೊದಲ ಹಾಡು ಆಯಿತು. ನಮ್ಮದೇ ಅಂತ ಹೇಳಿಕೊಳ್ಳುವ ಹಾಡು ಈಗ ಏಳು ಇವೆ.

ಲೆಕ್ಕವನ್ನೂ ಹೇಳುತ್ತೇನೆ, ಮುಚ್ಚಿಡುವುದೇನಿಲ್ಲ. ಪ್ರತಿ ಸಲ ಹಾಲ್ ಬಾಡಿಗೆ 3,000, ಸಣ್ಣ ಸೌಂಡ್ 1,500. ಮೊದಲ ಸಲ 61 ಜನ ಬಂದರು, 1,600 ಉಳಿಯಿತು. ಎರಡನೇ ಸಲ ಮಳೆ, 48 ಜನ, ಉಳಿದಿದ್ದು 300, ಅದರಲ್ಲಿ ಮಿರ್ಚಿ, ಚಹಾ ಆಯಿತು. ಮೂರನೇ ಸಲ 94 ಜನ. 4,900 ಉಳಿದು ಅವತ್ತಿದ್ದ ಏಳು ಜನಕ್ಕೆ ತಲಾ 700 ಸಿಕ್ಕಿತು. ಜಾತ್ರೆಯ ಪ್ರೋಗ್ರಾಮಿಗಿಂತ ಕಡಿಮೆಯೇ. ಇದರಿಂದ ಮನೆ ನಡೆಯುವುದಿಲ್ಲ, ಗೊತ್ತಿದೆ. ಆದರೆ ಮೂರೂ ಸಲ ಆರೂವರೆಗೆ ಶುರುವಾಯಿತು. ಮೂರೂ ಸಲ ಪೂರ್ತಿ ಎರಡು ತಾಸು ನುಡಿಸಿದೆವು. ಯಾರ ಕೈಕಾಲು ಹಿಡಿಯದೆ ಅಲ್ಲೇ ರೊಕ್ಕ ಹಂಚಿಕೊಂಡೆವು.

ಮೂರನೇ ಸಲ ಬ್ಯಾಂಡ್ ಕಂಪನಿಯ ಕ್ಲಾರಿನೆಟ್ ಅಜ್ಜನನ್ನು ಕರೆದಿದ್ದೆವು. ನನ್ನ ಅಂಗಡಿಯ ಹಳೆಯ ಗಿರಾಕಿ. ನಲವತ್ತು ವರ್ಷದಿಂದ ಮೆರವಣಿಗೆಯಲ್ಲಿ ಊದಿದವರು. ಸೌಂಡ್ ಚೆಕ್‌ಗೆ ಬಂದರು, ರೀಡನ್ನು ಬಾಯಲ್ಲಿ ನೆನೆಸುತ್ತಾ ನಿಂತೇ ಇದ್ದರು. ಕುರ್ಚಿ ಕೊಟ್ಟೆವು. "ಕುಂತು ಊದಿ ರೂಢಿ ಇಲ್ಲಪಾ" ಅಂದರು. ಮಾನಿಟರನ್ನು ಅವರ ಕಡೆ ತಿರುಗಿಸಿ ಊದಲು ಹೇಳಿದೆ. ಒಂದು ಸಾಲು ಊದಿ ನಿಲ್ಲಿಸಿದರು. ಮತ್ತೆ ಊದಿದರು, ಈ ಸಲ ಮೆಲ್ಲಗೆ. ಆಮೇಲೆ ಸ್ಪೀಕರ್ ಕಡೆ ಕೈ ತೋರಿಸಿ, "ಇದು ನಂದಽ ಏನು?" ಅಂತ ಕೇಳಿದರು. ಸುತ್ತ ಡ್ರಮ್ಮು, ಗಾಡಿ ಹಾರ್ನು, ಪಟಾಕಿ, ಇವುಗಳ ನಡುವೆ ನಲವತ್ತು ವರ್ಷ ಊದಿದವರು ತಮ್ಮ ಮೆಲುದನಿಯನ್ನು ಅವತ್ತು ಮೊದಲ ಸಲ ಕೇಳಿದ್ದು.

ಇಷ್ಟು ಹೇಳಿ ಕೂತೆ. ಆಮೇಲೆ ಪ್ರಶ್ನೆಗಳು ಬಂದವು.

ನಿವೃತ್ತ ಶಿಕ್ಷಕರೊಬ್ಬರು ಎದ್ದು, ಬಡವರು 100 ರೂಪಾಯಿ ಎಲ್ಲಿಂದ ಕೊಡಬೇಕು, ಸಂಗೀತ ಎಲ್ಲರಿಗೂ ಪುಕ್ಕಟೆ ಸಿಗಬೇಕಲ್ಲವೇ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಜಾತ್ರೆಯ ಸಂಗೀತ ಪುಕ್ಕಟೆಯೇ ಇರಲಿ ಸರ್, ಅದನ್ನು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳಿಗೆ ನಮ್ಮಲ್ಲಿ ಟಿಕೆಟ್ ಇಲ್ಲ. 100 ಆಗದವರು 20 ಕೊಟ್ಟು ಬರಲಿ. ಎಷ್ಟೇ ಕೊಡಲಿ, ಕೊಟ್ಟು ಬಂದವರು "ಯಾಕ ತಡಾ ಆತು?" ಅಂತ ಕೇಳುತ್ತಾರೆ. ನಮಗೆ ಬೇಕಾಗಿರುವುದು ಆ ಕೇಳುವ ಜನ. ಜಾತ್ರೆ ಕಮಿಟಿಗಳಲ್ಲಿ ಇರುವವರು ಇಲ್ಲಿದ್ದರೆ ಅವರಿಗೂ ಒಂದು ಮಾತು: ಭಾಷಣ ಎಂಟಕ್ಕೆ ಮುಗಿಸಿ, ಇಲ್ಲವೇ ಹಾಡು ಮೊದಲು ಇಟ್ಟು ಭಾಷಣ ಆಮೇಲೆ ಇಡಿ. ಹತ್ತಕ್ಕೆ ನಿಲ್ಲಿಸುವುದು ಭಾಷಣಕ್ಕೂ ಅನ್ವಯಿಸುತ್ತದೆ.

ಒಬ್ಬ ತಾಯಿ ತಮ್ಮ ಮಗಳು ಚೆನ್ನಾಗಿ ಹಾಡುತ್ತಾಳೆ, ಆದರೆ ಆರ್ಕೆಸ್ಟ್ರಾಕ್ಕೆ ಕಳಿಸಲು ಮನೆಯಲ್ಲಿ ಒಪ್ಪುವುದಿಲ್ಲ ಅಂದರು. ಅವರ ಭಯ ಖರೆ. ಪ್ರೋಗ್ರಾಂ ಮುಗಿಸಿ ಬೆಳಗಿನ ಜಾವ ನಾಲ್ಕಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಕೆಲಸಕ್ಕೆ ಯಾರು ಮಗಳನ್ನು ಕಳಿಸುತ್ತಾರೆ? ಎಷ್ಟು ಒಳ್ಳೆಯ ದನಿಗಳು ಮದುವೆಯಾದ ಮೇಲೆ ನಿಂತುಹೋದವು, ನಾನೇ ಕಂಡಿದ್ದೇನೆ. ಎಂಟೂವರೆಗೆ ಮುಗಿಯುವ ಪ್ರೋಗ್ರಾಂ ಆದರೆ ಚಿಗರಿ ಬಸ್ ಹತ್ತಿ ಊಟದ ಹೊತ್ತಿಗೆ ಧಾರವಾಡದ ಮನೆಯಲ್ಲಿರಬಹುದು. ಬುಧವಾರ ಸಂಜೆ ಅಂಗಡಿಯ ಮೇಲೆ ನಮ್ಮ ಪ್ರಾಕ್ಟೀಸ್ ಇರುತ್ತದೆ, ನೀವೂ ಜೊತೆಗೆ ಬಂದು ಕೂಡಿರಿ ಅಂದೆ. ಮುಂದಿನ ಬುಧವಾರವೇ ತಾಯಿ ಮಗಳು ಇಬ್ಬರೂ ಬಂದರು. ಹುಡುಗಿಯ ದನಿ ಕಪ್ಪು ಐದಕ್ಕೆ ಸಲೀಸಾಗಿ ಕೂಡುತ್ತದೆ. ತಾಳ ಇನ್ನೂ ಕಲಿಯಬೇಕು.

ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗ, "ಆ ಕ್ಲಾರಿನೆಟ್ ಅಜ್ಜಾ ಮತ್ತ ಬರತಾರೇನ್ರಿ?" ಅಂದ. ಬರುತ್ತಾರೆ. ಈಗ ಲಗ್ನದ ದಿನ, ತಾರೀಖು ಖಾಲಿ ಇಲ್ಲ ಅವರಿಗೆ, ಆಷಾಢ ಹಿಡಿಯಲಿ ಅಂತ ಕಾಯುತ್ತಿದ್ದೇವೆ. ಕ್ಲಾರಿನೆಟ್ ಸದ್ಯ ನನ್ನ ಅಂಗಡಿಯಲ್ಲಿದೆ. ತೂತು ಮುಚ್ಚುವ ಎರಡು ಪ್ಯಾಡು ಸವೆದು ಗಾಳಿ ಸೋರುತ್ತಿದೆ, ಹೊಸದು ಹಾಕಬೇಕು. ಶುಕ್ರವಾರ ಮುಂಜಾನೆ ಒಯ್ಯುತ್ತೇನೆ, ಮಧ್ಯಾಹ್ನ ಮೆರವಣಿಗೆ ಇದೆ ಅಂತ ಹೇಳಿ ಹೋಗಿದ್ದಾರೆ.